ಸ್ವೀಡನ್ನಿನಲ್ಲಿ ಮನೆವಾರ್ತೆ

ಡಿಸೆಂಬರ್ ತಿಂಗಳ ಸ್ಟಾಕ್‌ಹೋಮ್‌ನಲ್ಲಿ ಬೆಳಿಗ್ಗೆ ಎಂಟೂವರೆಯಾದರೂ ಸೂರ್ಯನ ಸುಳಿವಿಲ್ಲ. ಮಧ್ಯಾಹ್ನ ಮೂರು ಹೊಡೆಯುವ ಮೊದಲೇ ಆತ ಮರೆಯಾಗಿಬಿಡುತ್ತಾನೆ. ಜೂನ್‌ನಲ್ಲಾದರೋ ರಾತ್ರಿ ಹತ್ತಾದರೂ ಬೆಳಕು. ‘ಮಲಗು’ ಎಂದರೆ ಮಕ್ಕಳು ಕಿಟಕಿಯತ್ತ ಬೆರಳು ತೋರಿಸುತ್ತಾರೆ! ಕರ್ನಾಟಕದಿಂದ ಹೋಗಿ ನೆಲೆಸುವ ಕುಟುಂಬ ಮೊದಲು ಒಗ್ಗಿಕೊಳ್ಳಬೇಕಾದದ್ದು ಈ ಸೂರ್ಯನಿಗೆ.

ಎರಡನೆಯದು ಮನೆಗೆಲಸ. ಸಾಮಾನ್ಯ ಸಂಸಾರಗಳಿಗೆ ಅಲ್ಲಿ ಕೆಲಸದವರೆಂಬುವರಿಲ್ಲ. ಅಡುಗೆ, ಪಾತ್ರೆ, ನೆಲ ಒರೆಸುವುದು ಎಲ್ಲಕ್ಕೂ ಗಂಡ ಹೆಂಡತಿ ಇಬ್ಬರ ಕೈಯೂ ಬೇಕು. ಅನೇಕ ವಸತಿ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಎಲ್ಲರಿಗೂ ಸೇರಿದ ಒಂದೇ ಕೋಣೆಯಲ್ಲಿರುತ್ತವೆ. ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು. ಹೊತ್ತು ಮೀರಿದರೆ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಊರಿನಿಂದ ಬಂದ ಅಜ್ಜಿಗೆ ಸಮಾಧಾನ ತರುವ ಸಂಗತಿಯೂ ಒಂದುಂಟು: ಚಪ್ಪಲಿ, ಬೂಟು ಬಾಗಿಲಲ್ಲೇ ಬಿಡುವ ಪದ್ಧತಿ ಅಲ್ಲಿಯೂ ಇದೆ.

ಮಗು ಹುಟ್ಟಿದರೆ ತಂದೆತಾಯಿಗೆ ಒಟ್ಟು 480 ದಿನಗಳ ಭತ್ಯೆಸಹಿತ ರಜೆ. ಇದರಲ್ಲಿ ತಲಾ 90 ದಿನಗಳನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ. ಆದ್ದರಿಂದ ಕೆಲಸದ ದಿನವೂ ಕೂಸಿನ ಗಾಡಿ ತಳ್ಳಿಕೊಂಡು ಹೋಗುವ ಅಪ್ಪಂದಿರನ್ನು ಯಾರೂ ತಿರುಗಿ ನೋಡುವುದಿಲ್ಲ.

ಕಡ್ಡಾಯ ಶಿಕ್ಷಣ ಆರನೇ ವಯಸ್ಸಿಗೆ ಆರಂಭ. ಶಾಲೆಯಲ್ಲೇ ಉಚಿತ ಊಟ. ಸಾಮಾನ್ಯವಾಗಿ ಆರನೇ ತರಗತಿಯವರೆಗೆ ಶ್ರೇಣಿಗಳಿಲ್ಲ. ‘ನಮ್ಮ ಹುಡುಗ ಎಷ್ಟನೆಯವನು?’ ಎಂದು ಕೇಳಿದರೆ ಉತ್ತರ ಸಿಗದು. ಬದಲಿಗೆ ಪ್ರತಿ ಅವಧಿಯಲ್ಲಿ ಒಮ್ಮೆಯಾದರೂ ಶಿಕ್ಷಕರು, ಪೋಷಕರು ಮತ್ತು ಮಗು ಒಟ್ಟಿಗೆ ಕುಳಿತು ಕಲಿಕೆಯ ಬಗ್ಗೆ ಮಾತನಾಡುತ್ತಾರೆ. ತನ್ನ ವಿಚಾರದಲ್ಲಿ ಮಗುವಿಗೂ ಮಾತಾಡುವ ಸ್ಥಾನವಿದೆ! ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು. ಸ್ವೀಡನ್ 1979ರಲ್ಲೇ ಮನೆಯೊಳಗಿನ ಏಟನ್ನೂ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ‘ಎರಡು ಬಿಟ್ಟರೆ ಸರಿಹೋಗುತ್ತಾನೆ’ ಎನ್ನುವ ನಮ್ಮ ಹಿರಿಯರ ಮದ್ದು ಅಲ್ಲಿ ಅಪರಾಧ. ಹೇಳಿ, ಕೇಳಿ, ಕಾದು ತಿದ್ದಬೇಕು.

ಇಷ್ಟೆಲ್ಲ ಅನುಕೂಲದ ನಡುವೆ ಮೆಲ್ಲನೆ ಜಾರಿಹೋಗುವುದು ಮನೆಮಾತು. ಮಕ್ಕಳಿಗೆ ಸ್ವೀಡಿಷ್ ಬಹುಬೇಗ ಒಲಿಯುತ್ತದೆ. ಅಣ್ಣ ತಂಗಿಯರ ಜಗಳವೂ ಅದರಲ್ಲೇ ಶುರುವಾದಾಗ, ಅಜ್ಜಿಯ ಫೋನಿಗೆ ‘ಹೂಂ’, ‘ಊಟ ಆಯ್ತು’ ಇಷ್ಟೇ ಉಳಿಯುತ್ತದೆ.

ಇದಕ್ಕೂ ಅಲ್ಲಿನ ಸರಕಾರ ದಾರಿ ಇಟ್ಟಿದೆ. 1977ರ ಸುಧಾರಣೆಯ ನಂತರ ವಲಸೆ ಬಂದವರ ಮಕ್ಕಳಿಗೆ ಮಾತೃಭಾಷೆಯ ಪಾಠ ಕೇಳುವ ಅವಕಾಶ ದೊರೆಯಿತು. ಸಾಮಾನ್ಯವಾಗಿ ಒಂದು ಪುರಸಭೆಯ ವ್ಯಾಪ್ತಿಯಲ್ಲಿ ಐವರು ಮಕ್ಕಳು ಕೇಳಬೇಕು, ಕಲಿಸಬಲ್ಲ ಶಿಕ್ಷಕರು ದೊರೆಯಬೇಕು. ಇನ್ನೊಂದು ಷರತ್ತು, ಆ ಭಾಷೆ ಮಗುವಿನ ಮನೆಯಲ್ಲಿ ದಿನನಿತ್ಯ ಬಳಕೆಯಲ್ಲಿರಬೇಕು. ಅಂದರೆ ಶಾಲೆಯಲ್ಲಿ ಕನ್ನಡ ಬೇಕೆಂದು ಕೇಳುವ ಮೊದಲು ಊಟದ ಮೇಜಿನಲ್ಲಿ ಕನ್ನಡ ಉಳಿದಿರಬೇಕು. ಮೂರು ಗಂಟೆಗೇ ಕತ್ತಲಾಗುವ ಆ ಚಳಿಗಾಲದಲ್ಲಿ ಕಥೆ ಹೇಳಲು ಸಂಜೆಗಳಿಗೇನೂ ಕೊರತೆಯಿಲ್ಲ.