ಕಾರ್ಡು ಕೇರಳದ್ದು, ಆಸ್ಪತ್ರೆ ಮಂಗಳೂರಿನದ್ದು

ಮಂಗಳೂರಿನ ಆಸ್ಪತ್ರೆಯೊಂದರ ಮಹಿಳಾ ವಾರ್ಡು. ಪೆರ್ಲದ ಕಡೆಯ ಅಜ್ಜಿಯೊಬ್ಬರ ಬಿ.ಪಿ. ನೋಡಲು ಬಂದ ನರ್ಸ್ ಹುಡುಗಿ ಕೋಟ್ಟಯಂನವಳು. ‘ಅಜ್ಜೀ, ಊರು ಎಲ್ಲಿ?’ ಎಂದು ಅರೆಬರೆ ಕನ್ನಡದಲ್ಲಿ ಕೇಳಿದಳು. ಪೆರ್ಲ ಎಂದದ್ದೇ ತಡ, ‘ಅಯ್ಯೋ, ನಮ್ಮ ಕೇರಳ!’ ಎಂದು ಹಾಸಿಗೆಯ ಅಂಚಿನಲ್ಲಿ ಕೂತೇಬಿಟ್ಟಳು. ಅಜ್ಜಿಗೆ ಮಲಯಾಳ ಅರ್ಥವಾಗುತ್ತದೆ, ಆಡಲು ನಾಲಗೆ ಹೊರಳದು. ‘ಸರಕಾರ ಕೇರಳದ್ದು ಮಗಾ, ಊರು ಕನ್ನಡದ್ದೇ’ ಎಂದರು. ಹುಡುಗಿ ನಗುತ್ತಾ ಒಪ್ಪಿಕೊಂಡಳು. ಊಟದ ಹೊತ್ತಿಗೆ ಮತ್ತೆ ಬಂದು ಗಂಜಿ ಕುಡಿಸಿ ಹೋದಳು.

ಕೆಳಗೆ ಬಿಲ್ಲಿನ ಕೌಂಟರಿನಲ್ಲಿ ಅಜ್ಜಿಯ ಮಗನಿಗೆ ಅಂಥ ಮಾತು ಸಿಗಲಿಲ್ಲ. ಆತ ಚಾಚಿದ್ದು ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡು. ಅದು ಇಲ್ಲಿ ನಡೆಯುವುದಿಲ್ಲ, ಹಣ ಕಟ್ಟಬೇಕು ಎಂಬ ಉತ್ತರ ಬಂತು. ಪಕ್ಕದ ಹಾಸಿಗೆಯಲ್ಲಿದ್ದ ಅಡ್ಯನಡ್ಕದ ಹೆಂಗಸಿಗೂ ಅದೇ ಕಾಯಿಲೆ, ಅದೇ ಡಾಕ್ಟರು. ಅವರದು ಆರೋಗ್ಯ ಕರ್ನಾಟಕದಲ್ಲಿ ಮುಗಿದುಹೋಯಿತು. ಪೆರ್ಲದಲ್ಲಿ ಬಸ್ಸು ಹತ್ತಿ ಟಿಕೆಟ್ ಮಾಡಿಸುವಷ್ಟರಲ್ಲಿ ಗಡಿ ದಾಟಿ ಕರ್ನಾಟಕದ ಅಡ್ಯನಡ್ಕ ಬರುತ್ತದೆ. ಎರಡೂ ಕಡೆ ಅದೇ ಅಡಿಕೆ ತೋಟ, ಅದೇ ತುಳು, ಅದೇ ಕನ್ನಡ, ಮದುವೆ ಸಂಬಂಧಗಳೂ ಅವೇ. ಆದರೂ ಒಬ್ಬರ ಮನೆಯ ಬಂಗಾರ ಸೊಸೈಟಿಯಲ್ಲಿ ಅಡವಿಗೆ ಹೋಯಿತು, ಇನ್ನೊಬ್ಬರದು ಕೊರಳಲ್ಲೇ ಉಳಿಯಿತು.

ಕಾಸರಗೋಡಿನ ಕನ್ನಡಿಗರಿಗೆ ಇದು ಹೊಸದಲ್ಲ. ಮಂಜೇಶ್ವರದಿಂದ ಮಂಗಳೂರಿಗೆ ಸುಮಾರು 20 ಕಿ.ಮೀ. ಎದೆ ಹಿಡಿದುಕೊಂಡವರನ್ನು ಕರೆದುಕೊಂಡು ದಕ್ಷಿಣದ ಪರಿಯಾರಕ್ಕೋ ಕೋಝಿಕ್ಕೋಡಿಗೋ ಯಾರು ಓಡುತ್ತಾರೆ? ಸರಕಾರಿ ವೆನ್ಲಾಕ್ ಆಸ್ಪತ್ರೆ 1848ರದ್ದು, ಫಾದರ್ ಮುಲ್ಲರ್ 1880ರದ್ದು. ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಲದಿಂದ ರೋಗಿಗಳ ಹಾದಿ ಉತ್ತರಕ್ಕೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಭೂಪಟ ಬದಲಾಯಿತು, ಆ ಹಾದಿ ಬದಲಾಗಲಿಲ್ಲ.

ಎರಡು ಸರಕಾರಗಳೂ ಬಡವರ ಆರೋಗ್ಯಕ್ಕೆ ಹಣ ಇಡುವುದಿಲ್ಲ ಎಂದರೆ ಸುಳ್ಳಾದೀತು. ಕೇರಳದ ಕಾರುಣ್ಯದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. 2018ರಲ್ಲಿ ಶುರುವಾದ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ಅಷ್ಟೇ ಮೊತ್ತ. ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಆಯುಷ್ಮಾನ್ ಭಾರತದ ನಿಯಮದಂತೆ ಕೇಂದ್ರದ ಪಟ್ಟಿಯ ಕುಟುಂಬ ಹೊರರಾಜ್ಯದಲ್ಲೂ ಚಿಕಿತ್ಸೆ ಪಡೆಯಬಹುದು. ಆದರೆ ಕಾರುಣ್ಯದ 40 ಲಕ್ಷಕ್ಕೂ ಹೆಚ್ಚು ಕುಟುಂಬಗಳಲ್ಲಿ ಕೇಂದ್ರದ ಪಾಲು ಬರುವುದು ಸುಮಾರು ಅರ್ಧದಷ್ಟಕ್ಕೆ. ಉಳಿದವರ ಕಾರ್ಡಿಗೆ ಗಡಿಯ ತಲಪಾಡಿಯೇ ಕೊನೆ. ತಾನು ಯಾವ ಅರ್ಧದಲ್ಲಿದ್ದೇನೆ ಎಂಬುದು ಕಾರ್ಡು ಹಿಡಿದವನಿಗೂ ಗೊತ್ತಿರುವುದಿಲ್ಲ. ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಕೇಳಿದರೆ ಮಲಯಾಳದಲ್ಲಿ ಹೇಳುತ್ತಾರೆ. ಆಡಳಿತದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿತು. ಆಸ್ಪತ್ರೆಯ ಅರ್ಜಿ ಮಾತ್ರ ಮಲಯಾಳದಲ್ಲೇ ಕೈಗೆ ಬರುತ್ತದೆ. ಅದನ್ನು ಓದಿ, ಬಿಡಿಸಿ ಹೇಳಿ, ತುಂಬಿ ಕೊಡುವವರು ಊರಿನ ಆಶಾ ಕಾರ್ಯಕರ್ತೆಯರು. ಆ ಅಕ್ಕಂದಿರಿಲ್ಲದಿದ್ದರೆ ಪೆರ್ಲ ಸೇರಿರುವ ಎಣ್ಮಕಜೆ ಪಂಚಾಯತಿನ ಎಷ್ಟೋ ಮನೆಗಳಿಗೆ ಕಾರ್ಡೇ ಬರುತ್ತಿರಲಿಲ್ಲ.

ಕೇರಳದ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯನ್ನು ಕನ್ನಡಿಗರು ಮನಸಾರೆ ಮೆಚ್ಚಬೇಕು. 2017ರ ಆರ್ದ್ರಂ ಮಿಷನ್‌ನಿಂದ ಎಷ್ಟೋ ಪಿ.ಎಚ್.ಸಿ.ಗಳು ಕುಟುಂಬ ಆರೋಗ್ಯ ಕೇಂದ್ರಗಳಾದವು, ಸಂಜೆಯವರೆಗೂ ಓ.ಪಿ. ನಡೆಯತೊಡಗಿತು. ಕಾಸರಗೋಡು ಜಿಲ್ಲೆಯದೇ ಆದ ಕಯ್ಯೂರಿನ ಕೇಂದ್ರ ರಾಷ್ಟ್ರೀಯ ಗುಣಮಟ್ಟ ಪರೀಕ್ಷೆಯಲ್ಲಿ ಶೇ. 99 ಅಂಕ ಪಡೆದು ದೇಶಕ್ಕೇ ಮೊದಲನೆಯದಾಯಿತು. ಅದು ಇರುವುದು ಚಂದ್ರಗಿರಿ ಹೊಳೆಯಿಂದ ಎಷ್ಟೋ ದಕ್ಷಿಣಕ್ಕೆ. ಹೊಳೆಯ ಉತ್ತರಕ್ಕೆ, ಕನ್ನಡದ ಸೀಮೆಯ ಉಕ್ಕಿನಡ್ಕದಲ್ಲಿ, ಸರಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. 50 ಎಂ.ಬಿ.ಬಿ.ಎಸ್. ಸೀಟುಗಳಿಗೆ ಅನುಮತಿ ಬರುವಾಗ 2025. ಇಷ್ಟು ವರ್ಷ ಜ್ವರಕ್ಕೆ ಊರಿನಲ್ಲೇ ಒಳ್ಳೆಯ ಔಷಧ ಸಿಕ್ಕಿತು. ಮೆದುಳಿಗೋ ಹೃದಯಕ್ಕೋ ಪೆಟ್ಟು ಬಿದ್ದರೆ ಮಂಗಳೂರೇ ಗತಿಯಾಯಿತು.

ಎಣ್ಮಕಜೆಯದೇ ಆದ ಪಡ್ರೆ, ಸ್ವರ್ಗ, ವಾಣೀನಗರದ ಹೆಸರು ಬಂದರೆ ಮಾತು ಭಾರವಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎರಡು ದಶಕಗಳಿಗೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ. ಊರಿನಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಗುರುತಿಸಿ ದನಿಯೆತ್ತಿದವರಲ್ಲಿ ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಇದ್ದರು, ಇಬ್ಬರೂ ಕನ್ನಡಿಗರು. ಸುಪ್ರೀಂ ಕೋರ್ಟ್ 2011ರಲ್ಲಿ ವಿಷವನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಹಣಕ್ಕಿಂತ ದೊಡ್ಡ ಬೇಡಿಕೆ ಹತ್ತಿರದಲ್ಲೊಂದು ದೊಡ್ಡ ಆಸ್ಪತ್ರೆ, ನರರೋಗದ ಡಾಕ್ಟರು. 2022ರ ಅಕ್ಟೋಬರಿನಲ್ಲಿ ಎಂಬತ್ತು ದಾಟಿದ ಸಮಾಜಸೇವಕಿ ದಯಾಬಾಯಿ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಉಪವಾಸ ಕೂತದ್ದು ಇದಕ್ಕೇ. ಅವರು ಮಲಯಾಳಿ, ಪಾಲಾ ಕಡೆಯವರು. ಕನ್ನಡದ ಮಕ್ಕಳಿಗಾಗಿಯೂ ಹೊಟ್ಟೆ ಒಣಗಿಸಿಕೊಂಡ ಆ ಹಿರಿಯ ಜೀವವನ್ನು ಗಡಿನಾಡು ಮರೆಯಬಾರದು.

ಇನ್ನು ಕರ್ನಾಟಕದ ಕಡೆಯ ನೋವು. 2020ರ ಮಾರ್ಚಿನಲ್ಲಿ, ಕೋವಿಡ್ ಕಾಲದಲ್ಲಿ, ಗಡಿ ರಸ್ತೆಗಳಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನು ತಿರುಗಿಸಿ ಕಳಿಸಿದರು. ಮಂಗಳೂರು ತಲುಪಲಾಗದೆ ಹಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಇದು ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ರೋಗಿಗಳನ್ನು ಬಿಡುವ ಏರ್ಪಾಡಾಯಿತು. ಸೋಂಕಿನ ಭಯ ಆಗ ಎಲ್ಲರಿಗೂ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಮಣ್ಣಿನ ರಾಶಿಯ ಆಚೆ ನಿಂತವರಲ್ಲಿ ಕಾಸರಗೋಡು ಕರ್ನಾಟಕಕ್ಕೇ ಸೇರಬೇಕೆಂದು ಮೆರವಣಿಗೆ ಹೋದವರೂ ಅವರ ಮಕ್ಕಳೂ ಇದ್ದರು. ಯಾವ ರಾಜ್ಯವನ್ನು ತಾಯಿಮನೆ ಎಂದುಕೊಂಡಿದ್ದರೋ ಅದೇ ಬಾಗಿಲು ಹಾಕಿಕೊಂಡಿತ್ತು. ಈ ಗಾಯ ಇನ್ನೂ ಹಸಿಯಾಗಿದೆ.

ಇನ್ನೊಂದು ಗಡಿಯ ಮಾತೂ ಇದೆ. 2023ರಲ್ಲಿ ಮಹಾರಾಷ್ಟ್ರ ಸರಕಾರ ಕರ್ನಾಟಕದ ಗಡಿಭಾಗದ 865 ಹಳ್ಳಿಗಳ ಮರಾಠಿಗರಿಗೆ ತನ್ನ ಮಹಾತ್ಮಾ ಫುಲೆ ಆರೋಗ್ಯ ಯೋಜನೆಯನ್ನು ವಿಸ್ತರಿಸಿದಾಗ ಕರ್ನಾಟಕ ಸಿಟ್ಟಾಯಿತು. ಅದು ನ್ಯಾಯವೇ, ಏಕೆಂದರೆ ರೋಗಿಯ ಭಾಷೆ ನೋಡಿ ಚಿಕಿತ್ಸೆ ಕೊಡುವುದು ಗಡಿ ಜಗಳಕ್ಕೆ ಔಷಧವನ್ನು ಬಳಸಿದಂತೆ. ಕಾಸರಗೋಡಿನ ಕನ್ನಡಿಗರು ಕೇಳುತ್ತಿರುವುದು ಅದನ್ನಲ್ಲ. ಅಡ್ಯನಡ್ಕದ ಕನ್ನಡಿಗನಿಗೆ ಸಿಗುವುದು ಪೆರ್ಲದ ಕನ್ನಡಿಗನಿಗೂ, ಉಪ್ಪಳದ ಬ್ಯಾರಿಗೂ, ಕುಂಬಳೆಯ ಮಲಯಾಳಿಗೂ ಸಿಗಲಿ, ಹತ್ತಿರದ ಆಸ್ಪತ್ರೆಯಲ್ಲಿ ಸಿಗಲಿ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳು ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ಹಾಗಾಗಿ ದೆಹಲಿಯ ಕಡೆ ಕೈ ತೋರಿಸಿ ಕೂರುವಂತಿಲ್ಲ, ಬೆಂಗಳೂರು ಮತ್ತು ತಿರುವನಂತಪುರವೇ ಮಾಡಬೇಕು.

ಮಾಡಬೇಕಾದ್ದು ಅಸಾಧ್ಯವೇನಲ್ಲ. ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳನ್ನು ಕೇರಳ ತನ್ನ ಕಾರುಣ್ಯ ಪಟ್ಟಿಗೆ ಪೂರ್ತಿಯಾಗಿ ಸೇರಿಸಲಿ. ಬಿಲ್ಲನ್ನು ಎರಡು ರಾಜ್ಯಗಳ ಆರೋಗ್ಯ ಸಂಸ್ಥೆಗಳು ತಮ್ಮೊಳಗೆ ಚುಕ್ತಾ ಮಾಡಿಕೊಳ್ಳಲಿ, ರೋಗಿಯ ಮಗ ಕೌಂಟರುಗಳ ನಡುವೆ ಅಲೆಯುವುದು ನಿಲ್ಲಲಿ. ಹೃದಯಾಘಾತವಾದವರಿಗೆ ದುಬಾರಿ ಚುಚ್ಚುಮದ್ದನ್ನು ಸರಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿಯಂಥ ಒಳ್ಳೆಯ ಯೋಜನೆ ಕರ್ನಾಟಕದಲ್ಲಿದೆ. ಆ ಬೆಳಕು ತಲಪಾಡಿಯ ಆಚೆಯವರಿಗೂ ಬೀಳಲಿ. ಎ.ಪಿ.ಎಲ್. ಕುಟುಂಬಕ್ಕೆ ಶೇ. 30 ಎಂಬ ಲೆಕ್ಕವೂ ಹೋಗಲಿ. ಕ್ಯಾನ್ಸರ್ ಬಂದ ಸಣ್ಣ ಅಡಿಕೆ ಬೆಳೆಗಾರ ಉಳಿದ ಶೇ. 70 ಹೊಂದಿಸುವಷ್ಟರಲ್ಲಿ ತೋಟ ಮಾರಿರುತ್ತಾನೆ. ಗಡಿಭಾಗದ ಆಸ್ಪತ್ರೆಗಳ ಅರ್ಜಿ, ಒಪ್ಪಿಗೆ ಪತ್ರ, ಔಷಧದ ಚೀಟಿ ಕನ್ನಡದಲ್ಲೂ ಇರಲಿ. ಯಾವುದಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ತಿಳಿಯುವುದು ಚಿಕಿತ್ಸೆಯ ಭಾಗವೇ.

2021ರಲ್ಲಿ ಮಂಜೇಶ್ವರದ ಶಾಸಕರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಗಡಿನಾಡು ಹೆಮ್ಮೆಪಟ್ಟಿತ್ತು. ಆ ಕ್ಷೇತ್ರದ ಶಾಸಕರೂ ದಕ್ಷಿಣ ಕನ್ನಡದ ಶಾಸಕರೂ ಈ ಒಂದು ವಿಷಯಕ್ಕೆ ಒಟ್ಟಿಗೆ ಕೂರಲಿ, ಎರಡೂ ರಾಜ್ಯಗಳ ಆರೋಗ್ಯ ಸಚಿವರನ್ನು ಒಂದೇ ಮೇಜಿಗೆ ಕರೆಯಲಿ. ಗಡಿನಾಡ ಓದುಗರು ತಮ್ಮ ಊರಿನ ಪಂಚಾಯತ್ ಸಭೆಯಲ್ಲಿ ಇದಕ್ಕೊಂದು ನಿರ್ಣಯ ಮಾಡಿಸಿ, ಅದನ್ನು ಕನ್ನಡದಲ್ಲೇ ಬರೆದು ತಿರುವನಂತಪುರಕ್ಕೂ ಬೆಂಗಳೂರಿಗೂ ಕಳಿಸಿಕೊಡಬೇಕು.