ಬ್ರಹ್ಮಕಮಲದ ಬಾರಕೋಲು

ಬೀಳಗಿ ಸೀಮೆಯ ನಮ್ಮೂರು ಬಾಡಗಂಡಿಯಲ್ಲಿ ಬ್ರಹ್ಮಕಮಲದ ಗಿಡವನ್ನು ದುಡ್ಡು ಕೊಟ್ಟು ತಂದವರು ಕಡಿಮೆ. ಮುಂಗಾರು ಹಿಡಿದ ಮೇಲೆ ಯಾರದೋ ಮನೆಯಲ್ಲಿ ರಾತ್ರಿ ಹೂವು ಅರಳುತ್ತದೆ. ಓಣಿಯ ಹೆಂಗಸರು ಅರಿಷಿಣ ಕುಂಕುಮ ಹಿಡಿದುಕೊಂಡು ಹೋಗುತ್ತಾರೆ, ಬರುವಾಗ "ವೈನಿ, ನನಗೂ ಒಂದು ಎಲಿ ಕೊಡ್ರೀ" ಎಂದು ಕೇಳಿ ತರುತ್ತಾರೆ. ಹಾಗೆ ಎಲೆಯಿಂದ ಎಲೆಗೆ ಹಬ್ಬಿದ್ದರಿಂದ ನಮ್ಮ ಓಣಿಯ ಗಿಡಗಳೆಲ್ಲ ಒಂದೇ ತಾಯಿಯ ತುಂಡುಗಳು. ಆದರೆ ನೋಡಲು ಒಂದರಂತೆ ಒಂದಿಲ್ಲ. ಒಂದು ಮನೆಯಲ್ಲಿ ಅಗಲವಾದ ಹಸಿರು ಪಟ್ಟಿಗಳು ಕಟ್ಟೆಯಿಂದ ಕೆಳಗೆ ಇಳಿಬಿದ್ದಿವೆ. ಎದುರು ಮನೆಯಲ್ಲಿ ಎಲೆಗಿಂತ ಕೋಲೇ ಹೆಚ್ಚು. ಮೂಲೆಮನೆಯದು ಗಿಡ್ಡಗೆ, ಹಳದಿಗೆ ತಿರುಗಿ, ಮುದುಡಿ ಕೂತಿದೆ.

ಇದಕ್ಕೆ ಓಣಿಯಲ್ಲಿ ಸಿದ್ಧ ವಿವರಣೆ ಇದೆ: ಆ ಮನೆಯ ಕೈಗುಣ, ಈ ಮನೆಯ ಮಡಿ ಮೈಲಿಗೆ. ನನಗದು ಒಪ್ಪಿಗೆಯಿಲ್ಲ. ಹೂ ಬಿಡದ ಗಿಡದ ಮನೆಯ ಸೊಸೆಯ ಮೇಲೆ ಮಾತು ಬರುವುದಂತೂ ಸುತರಾಂ ಒಪ್ಪಿಗೆಯಿಲ್ಲ.

ನಾವು ಎಲೆ ಎಂದು ಕೇಳಿ ತರುವುದು ನಿಜವಾಗಿ ಚಪ್ಪಟೆಯಾದ ಕಾಂಡ. ಇದರ ಅಂಚಿನ ಪ್ರತಿ ಕಚ್ಚಿನಲ್ಲೂ ಒಂದು ಕಣ್ಣು ಇರುತ್ತದೆ. ಹೊಸ ಕುಡಿ, ಮೊಗ್ಗು ಎರಡೂ ಅಲ್ಲಿಂದಲೇ. ಬುಡದಿಂದ ಆಗಾಗ ಇನ್ನೊಂದು ಬಗೆಯ ಚಿಗುರು ಏಳುತ್ತದೆ: ದುಂಡಗೆ, ಸಪೂರಾಗಿ, ಬಾರಕೋಲಿನ ಹಾಗೆ ಒಂದೇ ಸಮನೆ ಮೇಲಕ್ಕೆ. ಆಳೆತ್ತರ ಹೋದಮೇಲೆ ತುದಿ ಚಪ್ಪಟೆಯಾಗುತ್ತದೆ, ಮಗ್ಗುಲಿನಿಂದ ಪಟ್ಟಿಗಳು ಒಡೆಯುತ್ತವೆ. ಹೂವು ಬರುವುದು ಆ ಬಲಿತ ಪಟ್ಟಿಗಳಲ್ಲಿ. ಕೋಲು ಮಾತ್ರ ಕಂಡಾಗ ಜನಕ್ಕೆ ಸಿಟ್ಟು. "ಅಕ್ಕಾರ, ಇದೇನು ಹುಚ್ಚು ಕುಡಿ ಬಂದೈತ್ರಿ, ಕೊಯ್ದು ಒಗೀಲೇನು?" ಎಂದು ಎಷ್ಟೋ ಜನ ಕೇಳಿದ್ದಾರೆ. ಕೇಳದೆ ಕೊಯ್ದವರು ಇನ್ನೂ ಹೆಚ್ಚು. ಹಳೆಯ ಗಿಡದ ಬುಡ ಕಂದು ಬಣ್ಣಕ್ಕೆ ತಿರುಗಿ ಕಟ್ಟಿಗೆಯಾಗುವುದನ್ನೂ ರೋಗವೆಂದೇ ಎಣಿಸುತ್ತಾರೆ. ಮೇಲಿನ ಭಾರ ಹೊರುವುದೇ ಆ ಬುಡ.

ಗಿಡದ ತವರು ನೋಡಿದರೆ ಕೋಲಿನ ಅರ್ಥ ತಿಳಿಯುತ್ತದೆ. ಮೆಕ್ಸಿಕೋದ ದಕ್ಷಿಣದಿಂದ ಮಧ್ಯ ಅಮೆರಿಕದವರೆಗಿನ ತೇವದ ಕಾಡು ಇದರ ನೆಲೆ. ಮರದ ಕವಲಿನಲ್ಲಿ, ಕೊಳೆತ ಎಲೆಗಳ ಹುಡಿಯಲ್ಲಿ ಬೇರಿಟ್ಟು ಬದುಕುವ ಗಿಡ ಇದು. ಮರದ ರಸ ಹೀರುವುದಿಲ್ಲ, ಆಸರೆ ಮಾತ್ರ ಬೇಡುತ್ತದೆ. ಅಲ್ಲಿ ಬೆಳಕು ಮೇಲಿದೆ. ಕೋಲು ಅದನ್ನು ಹುಡುಕಿಕೊಂಡು ಹೋಗುತ್ತದೆ. ಮುಖ್ಯ ಕಾಂಡ 6 ಮೀಟರ್‌ವರೆಗೂ ಬೆಳೆಯಬಲ್ಲದು. ಬೆಳಕು ಸಿಕ್ಕಲ್ಲಿ ಪಟ್ಟಿ ಬಿಚ್ಚಿ ಇಳಿಬೀಳುತ್ತದೆ. ಹೆಸರು ಒಂದೇ ಆದರೂ ಹಿಮಾಲಯದ ಬ್ರಹ್ಮಕಮಲ, ಉತ್ತರಾಖಂಡದ ರಾಜ್ಯಪುಷ್ಪ, ಬೇರೆಯದೇ ಗಿಡ, ಸೂರ್ಯಕಾಂತಿಯ ಕುಟುಂಬದ್ದು. ನಮ್ಮದು ಕಳ್ಳಿ. ಕಳ್ಳಿ ಎಂದ ಕೂಡಲೆ ಬದುವಿನ ಪಾಪಾಸುಕಳ್ಳಿಯ ನೆನಪಾಗಿ ಜನ ಇದನ್ನೂ ರಣಬಿಸಿಲಿಗೆ ಇಡುತ್ತಾರೆ. ಬೀಳಗಿ ಸೀಮೆಯ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುವಂಥದ್ದು. ಕಾಡಿನ ನೆರಳಲ್ಲಿ ಬೆಳೆದ ಕುಲಕ್ಕೆ ಅದನ್ನು ತಾಳಲು ಆಗುವುದಿಲ್ಲ.

ನಮ್ಮ ಬಳಗದ ಕಾಕು ಒಬ್ಬರ ಗಿಡ ಇದನ್ನು ಚೆನ್ನಾಗಿ ತೋರಿಸಿತು. ಆಲಮಟ್ಟಿ ಹಿನ್ನೀರಿಗೆ ಅವರ ಹಳ್ಳಿ ಹೋಯಿತು. ಪುನರ್ವಸತಿ ಕೇಂದ್ರಕ್ಕೆ ಬರುವಾಗ ಅವರು ಕುಂಡವನ್ನೂ ಟ್ರ್ಯಾಕ್ಟರಿಗೆ ಹೇರಿ ತಂದಿದ್ದರು. ಹಳೇ ಹಿತ್ತಲದ ಬೇವಿನ ಕೆಳಗೆ ಅದು ಮಾಳಿಗೆ ಮುಟ್ಟುತ್ತಿತ್ತು. ಹೊಸ ಜಾಗದಲ್ಲಿ ಮರ ಇರಲಿಲ್ಲ, ಸಿಮೆಂಟಿನ ಗೋಡೆ ಸಂಜೆತನಕ ಕಾಯುತ್ತಿತ್ತು. ಗಿಡ ಹಳದಿಯಾಯಿತು, ಪಟ್ಟಿಗಳು ಮೊಟಕಾದವು. "ಅದಕ್ಕೂ ನಮ್ಮ ಊರು ನೆನಪಾಗತೈತಿ" ಎನ್ನುತ್ತಿದ್ದರು ಕಾಕು. ಅಂಗಳಕ್ಕೆ ನೆಟ್ಟ ಬೇವು ಬೆಳೆದು ಮಧ್ಯಾಹ್ನದ ನೆರಳು ಬೀಳತೊಡಗಿದ ಮೇಲೆ ಅದೇ ಬುಡದಿಂದ ಕೋಲುಗಳು ಎದ್ದವು. ಕಾಕುವಿನ ಮಾತನ್ನು ನಾನು ಅಲ್ಲಗಳೆಯಲು ಹೋಗಲಿಲ್ಲ.

ನಮ್ಮ ಎರೆಮಣ್ಣೂ ಇದಕ್ಕೆ ಆಗುವುದಿಲ್ಲ. ಕಬ್ಬಿಗೆ ಅದು ಬಂಗಾರ, ಕುಂಡದಲ್ಲಿ ಮಾತ್ರ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಇಟ್ಟಂಗಿ ಚೂರು, ಇದ್ದಿಲು, ಹಳೆಯ ಗೊಬ್ಬರ, ಒಣಗಿದ ಎಲೆಪುಡಿ ಬೆರೆಸಿ ಸಡಿಲು ಮಾಡಬೇಕು.

ಕೋಲು ಕೊಯ್ಯಬಾರದು ಎಂದರೆ ನಂಬದವರಿಗೆ ನಾನು ಡ್ರ್ಯಾಗನ್ ಫ್ರೂಟ್ ತೋಟ ನೋಡಿ ಬನ್ನಿ ಎನ್ನುತ್ತೇನೆ. ನಮ್ಮ ಜಿಲ್ಲೆಯಲ್ಲೂ ಈಗ ಅದನ್ನು ಹಾಕಿದ ರೈತರಿದ್ದಾರೆ. ಅದು ಬ್ರಹ್ಮಕಮಲದ ಹತ್ತಿರದ ಬಂಧು, ಮೂರು ಏಣಿನ ಕಾಂಡ, ಹೂವು ರಾತ್ರಿಯೇ. ರೈತರು ಕಾಂಕ್ರೀಟ್ ಕಂಬ ನೆಟ್ಟು, ತುದಿಗೆ ಬಳೆ ಕೂರಿಸಿ, ಬಳ್ಳಿಯನ್ನು ಮೇಲಕ್ಕೆ ಹತ್ತಿಸಿ ಸುತ್ತ ಇಳಿಬಿಡುತ್ತಾರೆ. ಹತ್ತುವ ಕಾಂಡವನ್ನು ಹುಚ್ಚು ಕುಡಿ ಎಂದು ಕೊಯ್ದುಬಿಟ್ಟರೆ ಇಳಿಬಿದ್ದು ಹೂ ಬಿಡಲು ಕೊಂಬೆಯೇ ಇರುವುದಿಲ್ಲ ಎಂದು ಅವರಿಗೆ ಯಾರೂ ಹೇಳಬೇಕಿಲ್ಲ. ಇನ್ನು ನರ್ಸರಿಯಿಂದ ಬರುವ ಕೆಂಪು, ಗುಲಾಬಿ ಹೂವಿನ ಹಗಲು ತಳಿಗಳಲ್ಲಿ ಬೇರೆ ಕಳ್ಳಿಗಳ ರಕ್ತ ಬೆರೆತಿದೆ. ಅವುಗಳಲ್ಲಿ ಒಂದೇ ಗಿಡದಲ್ಲಿ ಮೂರು ಏಣಿನ ಕುಡಿಯೂ ಚಪ್ಪಟೆ ಪಟ್ಟಿಯೂ ಒಟ್ಟಿಗೆ ಕಾಣಬಹುದು.

ಹೂವಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ಒಂದು ಮಾತು ಮಾತ್ರ. ಇಷ್ಟೊಂದು ಹೂವಾದರೂ ಕಾಯಿ ಯಾಕಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ತರಲು ಉದ್ದ ಸೊಂಡಿಲಿನ ಪತಂಗ ಬೇಕು. ಓಣಿ ತುಂಬ ಹೂವಿದ್ದರೂ ಎಲ್ಲ ಒಂದೇ ಗಿಡವಾದ ಮೇಲೆ ಬೇರೆ ಗಿಡ ಎಲ್ಲಿಂದ ಬರಬೇಕು?

ಎಲೆ ಕೇಳಿದವರಿಗೆ ಈಗ ಬಲಿತ ಪಟ್ಟಿಯನ್ನೇ ಕೊಡುತ್ತೇನೆ. ಕೊಯ್ದ ಗಾಯ ನಾಲ್ಕಾರು ದಿನ ನೆರಳಲ್ಲಿ ಒಣಗಲಿ, ಬುಡದ ಕಡೆಯನ್ನೇ ಮಣ್ಣಿಗೆ ಇಡ್ರಿ ಎಂದು ಹೇಳುತ್ತೇನೆ. ಜೊತೆಗೊಂದು ಬಿದಿರ ಕೋಲನ್ನೂ ಕೊಟ್ಟು ಕಳಿಸುತ್ತೇನೆ. "ಇದ್ಯಾತಕ್ಕ ಅಕ್ಕಾರ?" ಎಂದರೆ, ಮುಂದಿನ ಮಳೆಗಾಲಕ್ಕೆ ಬೇಕಾಗತೈತಿ, ಕತ್ತರಿ ಮಾತ್ರ ಮುಟ್ಟಬ್ಯಾಡ್ರಿ ಎನ್ನುತ್ತೇನೆ.