ಕಂಡಕ್ಟರೇ ಯಜಮಾನನಾಗಿದ್ದ ಬಸ್ಸು

ಎಂ.ಬಿ.ಎ. ಓದಿಕೊಂಡು ಬೆಂಗಳೂರಿನಿಂದ ರಜೆಗೆ ಬರುವ ನಮ್ಮ ಕಡೆಯ ಹುಡುಗರಿಗೆ ಒಂದು ಚಾಳಿ ಇರುತ್ತದೆ. ಅಂಗಳದ ಚಪ್ಪರದ ಕೆಳಗೆ ಕೂತು ಅಪ್ಪನಿಗೆ ‘ಸ್ಟೇಕ್‌ಹೋಲ್ಡರ್’ ಅಂದರೆ ಯಾರು ಎಂದು ಪಾಠ ಹೇಳುತ್ತಾರೆ. ಅಪ್ಪ ಅಡಿಕೆ ಸುಲಿಯುತ್ತಲೇ “ಹೌದನಾ ಮಾರಾಯ” ಅನ್ನುತ್ತಾನೆ. ಆತ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸಿನ ಷೇರುದಾರ, ಊರಿನ ಸೊಸೈಟಿಯ ಸದಸ್ಯ, ಒಂದು ಅವಧಿಗೆ ನಿರ್ದೇಶಕನೂ ಆಗಿ ಕೈ ಸುಟ್ಟುಕೊಂಡವನು. 1939ರಿಂದ ನಡೆದುಬಂದ ಸಂಸ್ಥೆಗೆ ಅಡಿಕೆ ಹಾಕುವವನಿಗೆ ಆಡಳಿತ ಮಂಡಳಿ ಅಂದರೇನೆಂದು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೂ ಮಗನ ಇಂಗ್ಲಿಷು ಕೇಳಲು ಚೆಂದ. ಫೀಸು ಕಟ್ಟಿದ್ದೂ ತಾನೇ ಅಲ್ಲವೆ!

ಈ ವಿದ್ಯೆಯೆಲ್ಲ ನಿಂತಿರುವುದು ಒಂದು ಅನುಮಾನದ ಮೇಲೆ. ದುಡ್ಡು ಹಾಕಿದವನು ಒಬ್ಬ, ವ್ಯವಹಾರ ನಡೆಸುವವನು ಇನ್ನೊಬ್ಬ. ನಡೆಸುವವನು ಗುಳುಂ ಮಾಡದ ಹಾಗೆ ಕಾಯಲು ಡೈರೆಕ್ಟರು, ಡೈರೆಕ್ಟರನ್ನು ಕಾಯಲು ಆಡಿಟರು, ಇಬ್ಬರನ್ನೂ ಕಾಯಲು ಕಮಿಟಿ. ನಮ್ಮ ಮಲೆನಾಡಿನ ಕೊಪ್ಪದಲ್ಲಿ 1991ರಲ್ಲಿ ಈ ಅನುಮಾನದ ಬುಡಕ್ಕೇ ಕೊಡಲಿ ಹಾಕಿದ ಸಂಸ್ಥೆಯೊಂದು ಹುಟ್ಟಿತು. ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಖಾಸಗಿ ಬಸ್ ಕಂಪನಿ ಕಾರ್ಮಿಕರೊಂದಿಗಿನ ತಕರಾರಿನಲ್ಲಿ ಬಾಗಿಲು ಹಾಕಿತ್ತು. ಬೀದಿಗೆ ಬಿದ್ದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ ಸೊಸೈಟಿ ಕಟ್ಟಿಕೊಂಡು, ಬೆರಳೆಣಿಕೆಯ ಬಸ್ಸುಗಳನ್ನು ತಾವೇ ರಸ್ತೆಗಿಳಿಸಿದರು. ಬಸ್ಸಿನ ಮೇಲೆ ‘ಸಹಕಾರ ಸಾರಿಗೆ’ ಎಂದು ಬರೆಸಿದರು. ಹರಿಹರಪುರ, ಶೃಂಗೇರಿ, ಜಯಪುರ, ಬಾಳೆಹೊನ್ನೂರು, ನರಸಿಂಹರಾಜಪುರ ಎಂದು ಹಬ್ಬಿದ ಬಸ್ಸುಗಳ ಸಂಖ್ಯೆ ಎಪ್ಪತ್ತರ ಆಸುಪಾಸಿಗೆ ಹೋಯಿತು.

ಆ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತು. ಮಳೆಗಾಲದಲ್ಲಿ ಕಿಟಕಿಗೆ ಟಾರ್ಪಾಲು ಇಳಿಬಿಟ್ಟು, ಒಳಗೆಲ್ಲ ಒದ್ದೆ ಕಂಬಳಿಯ ವಾಸನೆ. ತಿರುವಿನಲ್ಲಿ ಕೊಡೆ ಹಿಡಿದು ನಿಂತ ಹೆಂಗಸು ಹತ್ತುತ್ತಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಔಷಧದ ಚೀಟಿಯನ್ನೂ ದುಡ್ಡನ್ನೂ ಕಂಡಕ್ಟರನ ಕೈಗಿಟ್ಟು, “ಸಂಜೆ ಬರುವಾಗ ತಂದ್ಬಿಡಿ ಅಣ್ಣ” ಅನ್ನುತ್ತಿದ್ದಳು. ಕಂಡಕ್ಟರ್ ಚೀಟಿಯನ್ನು ಟಿಕೆಟ್ ಪುಸ್ತಕದ ಮಧ್ಯೆ ಸಿಕ್ಕಿಸಿ ರೈಟ್ ಅನ್ನುತ್ತಿದ್ದ. ಕಾಲೇಜಿನ ಹುಡುಗಿ ತೋಟದ ದಾರಿಯಲ್ಲಿ ಓಡಿ ಬರುತ್ತಿದ್ದರೆ ಬಸ್ಸು ಕಾಯುತ್ತಿತ್ತು. ಈ ಕಾಯುವಿಕೆಗೆ ಯಾವ ಲೆಕ್ಕದ ಪುಸ್ತಕದಲ್ಲೂ ಕಾಲಂ ಇಲ್ಲ. ವ್ಯಾಪಾರದ ಹೊಣೆ ಲಾಭ ಹೆಚ್ಚಿಸುವುದಷ್ಟೇ ಎಂದು 1970ರಲ್ಲಿ ಬರೆದ ಮಿಲ್ಟನ್ ಫ್ರೀಡ್‌ಮನ್ ಮಹಾಶಯರು ಆಷಾಢದಲ್ಲೊಮ್ಮೆ ಕಿಗ್ಗದ ರಸ್ತೆಯಲ್ಲಿ ಬಸ್ಸು ಕಾಯಬೇಕಿತ್ತು.

ಇನ್ನು ಕಾವಲಿನ ಮಾತು. ನಮ್ಮ ಜಿಲ್ಲೆಯವರೇ ಆದ ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಫೆ ಕಾಫಿ ಡೇ ದೇಶವೆಲ್ಲ ಹರಡಿತು. 2015ರಲ್ಲಿ ಅದರ ಮಾತೃಸಂಸ್ಥೆ ಷೇರುಪೇಟೆಗೂ ಬಂತು. ಸ್ವತಂತ್ರ ನಿರ್ದೇಶಕರು, ಆಡಿಟರು, ಕಮಿಟಿ, ಯಾವುದಕ್ಕೂ ಕೊರತೆಯಿರಲಿಲ್ಲ. 2019ರ ಜುಲೈನಲ್ಲಿ ನೇತ್ರಾವತಿಯ ದಡದಿಂದ ಆತನ ಸಾವಿನ ಸುದ್ದಿ ಬಂದಾಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲು ಮನಸ್ಸಾಗಲಿಲ್ಲ. ಆತ ಬರೆದಿಟ್ಟದ್ದೆನ್ನಲಾದ ಪತ್ರದಲ್ಲಿ, ತನ್ನ ವ್ಯವಹಾರಗಳು ಆಡಿಟರಿಗೂ ಹಿರಿಯ ಅಧಿಕಾರಿಗಳಿಗೂ ತಿಳಿದಿರಲಿಲ್ಲ ಎಂಬ ಮಾತಿತ್ತು. ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕ ಕುಟುಂಬಕ್ಕೆ ಸೇರಿದ ಕಂಪನಿಯೊಂದಕ್ಕೆ ಹರಿದಿದೆ ಎಂದು 2023ರ ಜನವರಿಯಲ್ಲಿ ಸೆಬಿ ತನ್ನ ಆದೇಶದಲ್ಲಿ ಹೇಳಿ, ಮಾತೃಸಂಸ್ಥೆಗೆ 26 ಕೋಟಿ ದಂಡ ಹಾಕಿತು. ಸತ್ತವರನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಸಾವಿರಾರು ಮಂದಿಗೆ ಅನ್ನ ಕೊಟ್ಟ ಮನುಷ್ಯ. ನನ್ನ ಸಿಟ್ಟು ಕಾವಲುಗಾರರ ಮೇಲೆ. ಅಷ್ಟು ಹಣ ದಾಟಿಹೋಗುವಾಗ ಅಷ್ಟೊಂದು ಕಮಿಟಿಗಳು ಏನು ಕಾಯುತ್ತಿದ್ದವು?

ಹಾಗಂತ ಸಹಕಾರ ಸಾರಿಗೆಗೆ ಆರತಿ ಎತ್ತಿ ಕೂರುವುದೂ ಸರಿಯಲ್ಲ. 2020ರ ಫೆಬ್ರವರಿಯಲ್ಲಿ, ಲಾಕ್‌ಡೌನಿಗೂ ಮುಂಚೆ, ಅದರ ಬಸ್ಸುಗಳು ನಿಂತವು. ಡೀಸೆಲ್ಲು, ತೆರಿಗೆ, ವಿಮೆ, ಬಿಡಿಭಾಗ ಎಲ್ಲವೂ ಏರಿದವು. ಮನೆಮನೆಗೆ ಬೈಕು ಬಂತು. ಸರ್ಕಾರಿ ನಿಗಮ ನಷ್ಟವಾದರೆ ವಿಧಾನಸೌಧದ ಕಡೆ ನೋಡಬಹುದು, ಕೊಪ್ಪದ ಸೊಸೈಟಿ ನೋಡುವುದೆಲ್ಲಿಗೆ? ಆದರೆ ಒಳಗಿನ ತೊಡಕೂ ಇದ್ದೀತು ಅನ್ನಿಸುತ್ತದೆ. ದುಡಿಯುವವನೇ ಯಜಮಾನನಾದಾಗ, ಈ ವರ್ಷ ಸಂಬಳ ಏರಿಸುವುದೋ ಹೊಸ ಬಸ್ಸು ಕೊಳ್ಳುವುದೋ ಎಂಬುದಕ್ಕೂ ಅವನೇ ಕೈ ಎತ್ತಬೇಕು. ಮನೆಯಲ್ಲಿ ಮಗಳ ಮದುವೆ ಇಟ್ಟುಕೊಂಡವನು ಹೊಸ ಬಸ್ಸಿಗೆ ಕೈ ಎತ್ತುವುದು ಸುಲಭವಲ್ಲ. ಸ್ಪೇನಿನ ಮೊಂಡ್ರಗೋನ್ ಅಂಥ ಹೆಸರುವಾಸಿ ಕಾರ್ಮಿಕ ಸಹಕಾರ ಕೂಟದಲ್ಲೇ ಫಾಗೋರ್ ಎಂಬ ದೊಡ್ಡ ಘಟಕ 2013ರಲ್ಲಿ ದಿವಾಳಿಯಾಯಿತು. ಆದರೂ ಒಂದು ಮಾತು ಹೇಳಲೇಬೇಕು: ಕೊಪ್ಪದ ಬಸ್ಸು ನಿಲ್ಲುವ ಸುದ್ದಿ ಯಾರ ಮೇಲೂ ಸಿಡಿಲಿನಂತೆ ಎರಗಲಿಲ್ಲ. ಕಷ್ಟ ಸ್ಟ್ಯಾಂಡಿನಲ್ಲಿ ನಿಂತ ಎಲ್ಲರಿಗೂ ಕಾಣುತ್ತಿತ್ತು.

ಆದರೆ ಕಣ್ಣಿಗೆ ಕಾಣುವುದನ್ನೂ ನಾವು ನೋಡುವುದಿಲ್ಲ. ನಮ್ಮ ಸೊಸೈಟಿಗಳ ವಾರ್ಷಿಕ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಹನ್ನೊಂದಕ್ಕೆ ಪ್ರಾರ್ಥನೆ, ಹನ್ನೆರಡಕ್ಕೆ ವರದಿ, ಅಷ್ಟರಲ್ಲಿ ಹಿಂದಿನ ಸಾಲು ಊಟದ ವಾಸನೆಗೆ ಎದ್ದಿರುತ್ತದೆ. ಜಮಾಖರ್ಚು ‘ಸರ್ವಾನುಮತದಿಂದ’ ಪಾಸು. ಪ್ರಶ್ನೆ ಕೇಳಿದವನನ್ನು “ಇವ್ನದ್ದೊಂದು ರಗಳೆ” ಎಂದು ಪಕ್ಕದವನೇ ಕೂರಿಸುತ್ತಾನೆ. ದೊಡ್ಡ ಕಂಪನಿಗಳ ಬೋರ್ಡ್ ರೂಮಿನಲ್ಲೂ ಇದೇ ನಡೆಯುತ್ತದೆ, ಊಟ ಮಾತ್ರ ಬೇರೆ.

ಈ ಸಲ ನೋಟಿಸಿನ ಜತೆ ವರದಿ ಪುಸ್ತಕ ಬಂದಾಗ ಅಡಿಕೆ ಸುತ್ತಲು ಹರಿಯಬೇಡಿ. ಸುಸ್ತಿ ಸಾಲದ ಪುಟ ತೆಗೆದು ಓದಿ, ಸಭೆಗೆ ಹೋಗಿ, ಎದ್ದು ನಿಂತು ಕೇಳಿ. ರಜೆಗೆ ಬಂದ ಮಗನನ್ನೂ ಜತೆಗೆ ಕರೆದುಕೊಂಡು ಹೋಗಿ.